ವಸ್ತುಸಂಗ್ರಹಾಲಯದಲ್ಲಿ ಕಲೆಯೂ ಪ್ರಕೃತಿಯೂ

ಕಾವ್ಯವನ್ನು ವಿಮರ್ಶಿಸುವವರು ಕನ್ನಡದಲ್ಲಿ ಅನೇಕರುಂಟು. ನಾಟಕವನ್ನೂ ಸಂಗೀತವನ್ನೂ ತೂಗಿ ನೋಡುವ ರಸಿಕರಿಗೂ ಕೊರತೆಯಿಲ್ಲ. ಆದರೆ ವಸ್ತುಸಂಗ್ರಹಾಲಯವೂ ಒಂದು ಬಗೆಯ ಗ್ರಂಥವೆಂದೂ, ಅದಕ್ಕೂ ವಸ್ತು, ನಿರೂಪಣೆ, ವ್ಯಾಖ್ಯಾನಗಳಿರುವುವೆಂದೂ, ಆದಕಾರಣ ಅದೂ ಗುಣದೋಷ ವಿವೇಚನೆಗೆ ಒಳಪಡತಕ್ಕುದೆಂದೂ ಭಾವಿಸುವವರು ವಿರಳ. ಅದನ್ನು ನೋಡಿಬಂದವರು ಚೆನ್ನಾಗಿದೆಯೆಂದೋ, ಎಲ್ಲವೂ ಹಳೆಯ ಸಾಮಾನೆಂದೋ ಒಂದು ಮಾತು ಹೇಳಿ ಸುಮ್ಮನಾಗುವರು. ಗ್ರಂಥದಲ್ಲಿ ಅಧ್ಯಾಯಗಳು ಒಂದಾದಮೇಲೊಂದು ಅರ್ಥವನ್ನು ಬೆಳಸುವಂತೆ ಸಂಗ್ರಹಾಲಯದಲ್ಲಿ ಕೋಣೆಗಳು ಬೆಳಸಬೇಕು. ಗ್ರಂಥಕ್ಕೆ ಟೀಕೆಯಿದ್ದಂತೆ ಇಲ್ಲಿ ವಸ್ತುವಿನ ಕೆಳಗಣ ಚೀಟಿ. ಟೀಕೆ ತಪ್ಪಿದರೆ ಮೂಲವು ಮಸಕಾಗುವುದು. ಚೀಟಿ ಸೊರಗಿದರೆ ವಸ್ತುವು ಮೂಕವಾಗುವುದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ವಿದ್ಯಾವಂತ ಗೃಹಸ್ಥರಿಗೆ ಇದು ದೂರದ ವಿಷಯವಲ್ಲ. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದು, ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಒಂದುಗೂಡಿದವು. ನ್ಯಾಮತಿಯಾದರೋ ಈಚೆಗೆ ಹೊನ್ನಾಳಿಯಿಂದ ಬೇರ್ಪಟ್ಟ ತಾಲ್ಲೂಕು. ಹೀಗೆ ಆಡಳಿತದ ಗಡಿಗಳು ಬದಲಾದರೂ ಈ ಸೀಮೆಗಳ ಮಕ್ಕಳು ಪ್ರಾಚೀನ ವಸ್ತುಗಳನ್ನು ನೋಡಬೇಕಾದರೆ ಇಂದಿಗೂ ಶಿವಮೊಗ್ಗದ ಶಿವಪ್ಪನಾಯಕನ ಅರಮನೆಗೋ ಚಿತ್ರದುರ್ಗಕ್ಕೋ ಹೋಗುವರು. ಶಾಲೆಯ ಪ್ರವಾಸವು ದೊಡ್ಡದಾದರೆ ಮೈಸೂರಿಗೆ, ಬೆಂಗಳೂರಿಗೆ. ಅಲ್ಲಿ ಅರ್ಧ ಗಂಟೆಯಲ್ಲಿ ಹತ್ತು ಶತಮಾನಗಳನ್ನೂ ನೂರು ಪ್ರಾಣಿಗಳನ್ನೂ ದಾಟಿ ಹೊರಬರುವ ಹುಡುಗನ ಮನಸ್ಸಿನಲ್ಲಿ ಉಳಿಯುವುದೇನು? ತನ್ನ ಊರಿಗೂ ತಾನು ಕಂಡ ವಸ್ತುಗಳಿಗೂ ಸಂಬಂಧವುಂಟೆಂಬ ಅರಿವು ಅವನಿಗೆ ಬಂದಿತೆ? ಸಂಗ್ರಹಾಲಯದ ಯೋಗ್ಯತೆಯನ್ನು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಕೋಲಿಲ್ಲ.

*

ಹಳೆಯ ಮೈಸೂರು ಸೀಮೆಯ ಸಾರ್ವಜನಿಕ ಸಂಗ್ರಹಾಲಯಗಳಲ್ಲಿ ಬಹು ಹಳೆಯದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ. ಮದರಾಸು ಸೈನ್ಯದ ವೈದ್ಯನಾಗಿದ್ದ ಎಡ್ವರ್ಡ್ ಬಾಲ್ಫೋರನು ೧೮೫೧ರಲ್ಲಿ ಮದರಾಸಿನ ಸಂಗ್ರಹಾಲಯವನ್ನು ನೆಲೆಗೊಳಿಸಿದವನು. ಬೆಂಗಳೂರಿಗೂ ಅಂತಹುದೊಂದು ಬೇಕೆಂದು ಸೂಚಿಸಿದವನೂ ಆತನೇ. ಬೌರಿಂಗನು ಮೈಸೂರಿನ ಕಮಿಷನರಾಗಿದ್ದ ಕಾಲದಲ್ಲಿ, ೧೮೬೫ರಲ್ಲಿ, ಅದು ದಂಡಿನ ಪ್ರದೇಶದಲ್ಲಿ ಆರಂಭವಾಯಿತು. ಮ್ಯೂಸಿಯಂ ರಸ್ತೆಯೆಂಬ ಹೆಸರು ಆ ಮೊದಲ ನೆಲೆಯನ್ನು ಇಂದಿಗೂ ನೆನಪಿಗೆ ತರುವುದು. ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ಕೆಂಪುಬಣ್ಣದ ಕಂಬಸಾಲಿನ ಕಟ್ಟಡ ೧೮೭೭ರದು.

ಆ ಕಾಲದ ಸ್ಥಾಪಕರಿಗೆ ಕಲೆ ಬೇರೆ, ಪ್ರಕೃತಿ ಬೇರೆ ಎಂಬ ಎಣಿಕೆ ಇರಲಿಲ್ಲ. ಅದಿರು, ಮರ, ಬೀಜ, ಪಕ್ಷಿ, ನಾಣ್ಯ, ವಿಗ್ರಹ ಎಲ್ಲವೂ ನಾಡಿನ ಸಂಪತ್ತೆಂಬ ಒಂದೇ ಭಾವದಿಂದ ಒಂದೇ ಸೂರಿನಡಿಯಲ್ಲಿ ಬಂದು ಸೇರಿದುವು. ಆ ಎಣಿಕೆಯಲ್ಲಿ ವ್ಯಾಪಾರದ ದೃಷ್ಟಿಯೂ ಬೆರೆತಿತ್ತು. ಯಾವ ಸೀಮೆಯಲ್ಲಿ ಯಾವ ಪದಾರ್ಥ ದೊರೆಯುವುದೆಂಬುದನ್ನು ತಿಳಿಯುವುದು ಸರ್ಕಾರಕ್ಕೆ ಬೇಕಾಗಿದ್ದಿತು. ಲಂಡನ್ನಿನಲ್ಲಿಯೂ ಮೊದಲು ಹೀಗೆಯೇ. ಸ್ಲೋನನೆಂಬ ವೈದ್ಯನ ಸಂಗ್ರಹದಿಂದ ೧೭೫೩ರಲ್ಲಿ ಹುಟ್ಟಿದ ಬ್ರಿಟಿಷ್ ಮ್ಯೂಸಿಯಂನಲ್ಲಿ ಗ್ರಂಥಗಳೂ ಪ್ರಾಚೀನ ವಸ್ತುಗಳೂ ಒಣಗಿದ ಸಸ್ಯಗಳೂ ಒಟ್ಟಿಗಿದ್ದುವು. ೧೮೮೧ರಲ್ಲಿ ಪ್ರಕೃತಿಚರಿತ್ರೆಯ ಭಾಗವು ದಕ್ಷಿಣ ಕೆನ್ಸಿಂಗ್ಟನ್ನಿನ ಬೇರೆ ಭವನವನ್ನು ಸೇರಿತು. ಅಲ್ಲಿಂದೀಚೆಗೆ ಶಿಲ್ಪವನ್ನು ನೋಡುವವನು ಒಂದು ಬಾಗಿಲಿಗೆ, ತಿಮಿಂಗಿಲವನ್ನು ನೋಡುವವನು ಇನ್ನೊಂದು ಬಾಗಿಲಿಗೆ ಹೋಗುವ ಪದ್ಧತಿ ಲೋಕದಲ್ಲಿ ಬೆಳೆಯಿತು. ಕನ್ನಡನಾಡಿನಲ್ಲಿಯೂ ಹಾಗೆಯೇ. ಮೈಸೂರಿನ ಜಗನ್ಮೋಹನ ಅರಮನೆ ಚಿತ್ರಗಳಿಗೆ ಮೀಸಲಾಯಿತು. ೧೯೯೫ರಲ್ಲಿ ಕಾರಂಜಿ ಕೆರೆಯ ದಡದಲ್ಲಿ ತೆರೆದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ಜೀವಿಗಳಿಗೆ ಮೀಸಲಾಯಿತು.

ಸಾಮಾನ್ಯ ಜನರು ಇಂತಹ ಸಂಸ್ಥೆಗಳಿಗೆ ಇಟ್ಟ ಹೆಸರುಗಳೇ ಒಂದು ವಿಮರ್ಶೆ. ಕಲಕತ್ತೆಯವರು ೧೮೧೪ರಲ್ಲಿ ಆರಂಭವಾದ ತಮ್ಮ ಸಂಗ್ರಹಾಲಯವನ್ನು ಜಾದೂಘರ್, ಎಂದರೆ ಮಾಯೆಯ ಮನೆ, ಎಂದರು. ಮದರಾಸಿನವರು ಇನ್ನೂ ಚುರುಕಾದ ಮಾತನ್ನು ಕಟ್ಟಿದರು: ಜೀವಂತ ಪ್ರಾಣಿಗಳಿರುವ ಮೃಗಾಲಯ ಉಸಿರಿನ ಕಾಲೇಜು, ಸಂಗ್ರಹಾಲಯ ಸತ್ತ ಕಾಲೇಜು. ಇದರಲ್ಲಿ ಹಾಸ್ಯವೂ ಉಂಟು, ನಿಜವೂ ಉಂಟು. ವಿದ್ಯೆ ಅಲ್ಲಿದೆಯೆಂದು ಜನರು ಒಪ್ಪಿದರು, ಆದುದರಿಂದ ಕಾಲೇಜೆಂದರು. ಆದರೆ ಆ ವಿದ್ಯೆಗೆ ಉಸಿರಿಲ್ಲವೆಂದೂ ಕಂಡುಕೊಂಡರು. ಉಸಿರು ಎಲ್ಲಿ ತಪ್ಪಿತೆಂಬುದನ್ನು ಎರಡು ಪ್ರದರ್ಶನಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ ತಿಳಿಯುವುದು.

*

ಮೊದಲನೆಯದು ಬೆಂಗಳೂರಿನ ಸಂಗ್ರಹಾಲಯದಲ್ಲಿರುವ ಆತಕೂರಿನ ಶಾಸನ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಕಲ್ಲು ಶಕವರ್ಷ ೮೭೨ರದು, ಎಂದರೆ ಕ್ರಿ.ಶ. ೯೪೯-೫೦ರದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದ ಕಾಲ. ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನು ಹೋರಾಡಿದನು, ರಾಜಾದಿತ್ಯನು ಮಡಿದನು. ಬೂತುಗನ ಕೈಕೆಳಗೆ ಪರಾಕ್ರಮವನ್ನು ಮೆರೆದ ಮಣಲೇರನೆಂಬ ವೀರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳೆಂದಾಗ, ಅವನು ಹೊನ್ನನ್ನು ಕೇಳಲಿಲ್ಲ, ಊರನ್ನು ಕೇಳಲಿಲ್ಲ; ಒಡೆಯನ ಪ್ರೀತಿಯ ಬೇಟೆನಾಯಿ ಕಾಳಿಯನ್ನು ಕೇಳಿದನು. ಮುಂದೆ ಆ ಕಾಳಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಪರಸ್ಪರ ಕಾದಿ ಎರಡೂ ಸತ್ತುವು. ಅದರ ನೆನಪಿಗೆ ಆತಕೂರಿನ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಆ ಕಲ್ಲಿಗೆ ಪೂಜೆ ತಪ್ಪದಂತೆ ಕಟ್ಟಳೆ ಮಾಡಿದರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಒಂದನ್ನೊಂದು ಎದುರಿಸಿ ಹೋರುವ ದೃಶ್ಯವನ್ನು ಕೆತ್ತಿರುವರು.

ಈ ಒಂದು ಕಲ್ಲಿನಲ್ಲಿ ಎಷ್ಟು ವಿದ್ಯೆಗಳು ಸೇರಿರುವುವೆಂಬುದನ್ನು ಗಮನಿಸಬೇಕು. ಚರಿತ್ರಕಾರನಿಗೆ ಇದು ತಕ್ಕೋಲದ ಯುದ್ಧಕ್ಕೆ ಸಾಕ್ಷಿ. ಭಾಷಾಶಾಸ್ತ್ರಜ್ಞನಿಗೆ ಹತ್ತನೆಯ ಶತಮಾನದ ಕನ್ನಡ. ಶಿಲ್ಪವನ್ನು ಅರಿತವನಿಗೆ ಉಬ್ಬುಗೆತ್ತನೆಯ ಮಾದರಿ. ಪ್ರಕೃತಿಶಾಸ್ತ್ರಜ್ಞನಿಗೂ ಇಲ್ಲಿ ಕೆಲಸವುಂಟು: ಮದ್ದೂರಿನ ಸುತ್ತ ಕಾಡುಹಂದಿಯ ಬೇಟೆಯಾಡುವಂತಹ ಕಾಡು ಸಾವಿರ ವರ್ಷಗಳ ಕೆಳಗೆ ಇದ್ದಿತೆಂಬುದಕ್ಕೂ, ನಾಯಿಯನ್ನು ಹೆಸರಿಟ್ಟು ಸಾಕಿ ಬೇಟೆಗೆ ಪಳಗಿಸುತ್ತಿದ್ದರೆಂಬುದಕ್ಕೂ ಇದೇ ದಾಖಲೆ. ಇದೆಲ್ಲಕ್ಕೂ ಮಿಗಿಲಾದುದು ಇನ್ನೊಂದು. ರಾಜಾಧಿರಾಜರ ಯುದ್ಧದ ವಾರ್ತೆ ನಾಯಿಯೊಂದರ ಸಾವಿನ ಪೀಠಿಕೆಯಾಗಿ ನಿಂತಿದೆ. ಮೃಗವನ್ನು ತುಚ್ಛವೆಂದು ಕಾಣದೆ, ಅದರ ಶೌರ್ಯವನ್ನು ಮನುಷ್ಯನ ಶೌರ್ಯದ ಪಂಕ್ತಿಯಲ್ಲಿ ಕುಳ್ಳಿರಿಸಿದ ಒಂದು ಸಂಸ್ಕಾರವು ಅಲ್ಲಿ ಕಾಣುವುದು.

ಈ ಕಲ್ಲು ಉಸಿರಾಡುವುದೇಕೆ? ತನ್ನ ಚೀಟಿಯನ್ನು ಅದು ತಾನೇ ಹೊತ್ತುಕೊಂಡಿರುವುದರಿಂದ. ಯಾರು, ಯಾವಾಗ, ಎಲ್ಲಿ, ಏತಕ್ಕೆ ಎಂಬ ನಾಲ್ಕು ಪ್ರಶ್ನೆಗಳಿಗೂ ಅದರ ಮೈಮೇಲೆಯೇ ಉತ್ತರವುಂಟು. ತನ್ನ ಊರಿನಿಂದ ಅದನ್ನು ಕಿತ್ತು ತಂದರೂ ಊರು ಅದನ್ನು ಬಿಟ್ಟುಹೋಗಿಲ್ಲ. ಆದರೆ ಹಳಗನ್ನಡದ ಅಕ್ಷರಗಳನ್ನು ಇಂದಿನ ನೋಟಕನು ಓದಲಾರನು. ಅವನಿಗೆ ಆ ಕಥೆಯನ್ನು ಹತ್ತು ಸಾಲುಗಳ ತಿಳಿಗನ್ನಡದಲ್ಲಿ ಬರೆದು ಪಕ್ಕದಲ್ಲಿ ಇಟ್ಟರೆ ಅವನು ಅಲ್ಲಿಂದ ಕದಲನು. ಆತಕೂರಿನ ಶಿಲಾಶಾಸನ, ಹತ್ತನೆಯ ಶತಮಾನ ಎಂಬಷ್ಟನ್ನೇ ಬರೆದರೆ ಅವನು ನಿಲ್ಲನು. ವಸ್ತುವು ಒಂದೇ, ಟೀಕೆಯ ವ್ಯತ್ಯಾಸದಿಂದ ಅದು ರತ್ನವೂ ಆಗುವುದು, ಬರಿಯ ಕಲ್ಲೂ ಆಗುವುದು.

ಎರಡನೆಯ ಪ್ರದರ್ಶನ ಹುಲಿಯದು. ದೇಶದ ಅನೇಕ ಸಂಗ್ರಹಾಲಯಗಳಲ್ಲಿಯೂ ಅರಮನೆಗಳಲ್ಲಿಯೂ ಹುಲ್ಲು, ಕಾಗದದ ರೊಟ್ಟುಗಳಿಂದ ಒಡಲನ್ನು ಕಟ್ಟಿ ಚರ್ಮವನ್ನು ಹೊದಿಸಿದ ಹುಲಿ ಚಿರತೆಗಳು ನಿಂತಿರುವುದನ್ನು ವಾಚಕರು ಕಂಡಿರಬಹುದು. ಈ ಕುಶಲಕರ್ಮದಲ್ಲಿ ಮೈಸೂರು ಜಗತ್ಪ್ರಸಿದ್ಧವಾಗಿದ್ದಿತು. ೧೯೦೦ರ ಸುಮಾರಿಗೆ ಅಲ್ಲಿ ನೆಲೆಗೊಂಡ ವ್ಯಾನ್ ಇಂಗೆನ್ ಮನೆತನದ ಕಾರ್ಖಾನೆಯಿಂದ ಮಹಾರಾಜರ ಮತ್ತು ಇಂಗ್ಲಿಷ್ ಅಧಿಕಾರಿಗಳ ಬೇಟೆಯ ಸಾವಿರಾರು ಮೃಗಗಳು ರೂಪುಗೊಂಡು ದೇಶದೇಶಗಳ ಗೋಡೆಗಳನ್ನು ಏರಿದುವು. ಕಾರ್ಖಾನೆ ೧೯೯೯ರಲ್ಲಿ ಮುಚ್ಚಿತು. ಕೈಗೆಲಸದ ದೃಷ್ಟಿಯಿಂದ ಅದರಲ್ಲಿ ಕುಂದನ್ನು ಹುಡುಕುವುದು ಕಷ್ಟ. ಮಾಂಸಖಂಡಗಳ ಉಬ್ಬು, ಮೂತಿಯ ಸುಕ್ಕು, ಗಾಜಿನ ಕಣ್ಣಿನ ಹೊಳಪು ಎಲ್ಲವೂ ಜೀವವಿರುವಂತೆಯೇ ತೋರುವುವು.

ಆದರೂ ಆ ಹುಲಿ ಸುಳ್ಳು ಹೇಳುವುದು. ಬೇಟೆಯ ಸ್ಮಾರಕವಾಗಿ ನಿಂತ ಹುಲಿ ಬಹುಮಟ್ಟಿಗೆ ಬಾಯಿ ತೆರೆದೇ ಇರುವುದು. ಹಲ್ಲು ಕಿರಿದು ಮುಂದೆ ನಿಂತವನ ಮೇಲೆ ನೆಗೆಯುವಂತಿರುವುದು. ಕಾಡಿನ ಹುಲಿ ತನ್ನ ದಿನದ ಬಹುಭಾಗವನ್ನು ನೆರಳಿನಲ್ಲಿ ಮಲಗಿ, ನೀರಿನಲ್ಲಿ ಕುಳಿತು, ಸದ್ದಿಲ್ಲದೆ ನಡೆದು ಕಳೆಯುವುದು. ಬಾಯಿ ಮುಚ್ಚಿಯೇ ಬೇಟೆಯಾಡುವುದು. ಆ ತೆರೆದ ಬಾಯಿ ಹುಲಿಯ ಸ್ವಭಾವವನ್ನು ತೋರಿಸದೆ ಅದನ್ನು ಕೊಂದವನ ಅಭಿಮಾನವನ್ನು ತೋರಿಸುವುದು. ಮೃಗವು ಎಷ್ಟು ಭಯಂಕರವೋ ಬೇಟೆಗಾರನು ಅಷ್ಟು ಶೂರ! ಇಂತಹ ಫಲಕಗಳಲ್ಲಿ ಗುಂಡು ಹೊಡೆದವನ ಹೆಸರು ಕಾಣಬಹುದು. ಹುಲಿ ಯಾವ ಕಾಡಿನಲ್ಲಿ ಏನು ತಿಂದು ಹೇಗೆ ಬಾಳಿತೆಂಬುದು ಕಾಣದು. ಆತಕೂರಿನ ಕಲ್ಲುಕುಟಿಗನು ಹಂದಿಯನ್ನು ನಾಯಿಯ ಸಮಾನ ಎದುರಾಳಿಯಾಗಿ ಕೆತ್ತಿ ಎರಡಕ್ಕೂ ನ್ಯಾಯ ದೊರಕಿಸಿದನು. ಸಾವಿರ ವರ್ಷಗಳ ಈಚೆಗೆ, ವಿಜ್ಞಾನದ ಹೆಸರಿನಲ್ಲಿ ನಿಂತ ತೊಗಲಿನ ಹುಲಿಗೆ ಅಷ್ಟು ನ್ಯಾಯವೂ ದೊರೆಯಲಿಲ್ಲ.

ಈ ದೋಷಕ್ಕೆ ಮದ್ದು ಇಲ್ಲದಿಲ್ಲ. ಅಮೆರಿಕದ ಮಿಲ್ವಾಕಿಯ ಸಂಗ್ರಹಾಲಯದಲ್ಲಿ ಕಾರ್ಲ್ ಏಕ್ಲಿ ಎಂಬಾತನು ೧೮೯೦ರಲ್ಲಿ ನೀರಿಲಿಗಳ ಒಂದು ಸಂಸಾರವನ್ನು ಅವುಗಳ ಕೆಸರು, ಜೊಂಡು, ಗೂಡುಗಳ ಸಹಿತವಾಗಿ ರಚಿಸಿ ತೋರಿಸಿದನು. ಪ್ರಾಣಿಯನ್ನು ಅದರ ನೆಲೆಯೊಡನೆ ತೋರಿಸಬೇಕೆಂಬ ಮಾರ್ಗ ಅಲ್ಲಿಂದ ಬಲವಾಯಿತು. ಮುಂದೆ ಆಫ್ರಿಕದಲ್ಲಿ ಗೊರಿಲ್ಲಗಳನ್ನು ಸಂಗ್ರಹಕ್ಕಾಗಿ ಕೊಂದ ಈ ಏಕ್ಲಿಯೇ ಅವುಗಳ ರಕ್ಷಣೆಗೆ ಮೊರೆಯಿಟ್ಟನು. ೧೯೨೫ರಲ್ಲಿ ಕಾಂಗೊ ದೇಶದಲ್ಲಿ ಅವುಗಳಿಗಾಗಿ ಅಭಯಾರಣ್ಯ ಏರ್ಪಟ್ಟುದರಲ್ಲಿ ಅವನ ಪ್ರಯತ್ನ ದೊಡ್ಡದು. ಮೃಗವನ್ನು ನೆಲೆಯೊಡನೆ ನೋಡಲು ಕಲಿತವನಿಗೆ, ನೆಲೆಯಿಲ್ಲದೆ ಮೃಗವಿಲ್ಲವೆಂಬುದೂ ತಿಳಿಯಿತು. ಮೈಸೂರಿನ ಪ್ರಾಕೃತಿಕ ಸಂಗ್ರಹಾಲಯವೂ ಜೀವಿಗಳನ್ನು ಅವುಗಳ ಪರಿಸರದೊಡನೆ ತೋರಿಸುವ ಈ ಮಾರ್ಗವನ್ನೇ ಹಿಡಿದಿರುವುದು ಶ್ಲಾಘ್ಯ.

*

ಕಲೆಯನ್ನೂ ಪ್ರಕೃತಿಯನ್ನೂ ಬೇರೆ ಬೇರೆ ಮನೆಗಳಲ್ಲಿ ಇರಿಸಿದುದರಿಂದ ಕ್ರಮಬದ್ಧತೆಯ ಲಾಭವಾಯಿತು; ಆದರೆ ನಷ್ಟವೂ ಸಣ್ಣದಲ್ಲ. ಹೊಯ್ಸಳ ಶಿಲ್ಪವನ್ನೇ ನೋಡಬಹುದು. ಬೇಲೂರು ಹಳೇಬೀಡುಗಳ ವಿಗ್ರಹಗಳ ಆಭರಣಗಳಲ್ಲಿ ಮುತ್ತು ಮುತ್ತಿಗೂ ನಡುವೆ ಬೆಳಕು ಹಾಯುವಂತೆ ಕೊರೆದಿರುವುದನ್ನು ಕಂಡು ಮೆಚ್ಚದವರಿಲ್ಲ. ಈ ಸೂಕ್ಷ್ಮತೆಗೆ ಶಿಲ್ಪಿಯ ಉಳಿ ಎಷ್ಟು ಕಾರಣವೋ ಕಲ್ಲೂ ಅಷ್ಟೇ ಕಾರಣ. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೊಡ್ಡಿದಂತೆಲ್ಲ ಗಟ್ಟಿಯಾಗುವ ಜಾತಿಯದು. ಕಣಶಿಲೆಯಲ್ಲಿ ಕೆಲಸ ಮಾಡಿದ ಶಿಲ್ಪಿಗಳು ಗಾತ್ರಕ್ಕೂ ಗಾಂಭೀರ್ಯಕ್ಕೂ ಒಲಿದರೆ, ಬಳಪದ ಕಲ್ಲನ್ನು ಪಡೆದವರು ದಂತದ ಕೆಲಸದ ನಯಕ್ಕೆ ಒಲಿದರು. ಶಿಲ್ಪದ ಶೈಲಿ ಭೂಗರ್ಭದಿಂದಲೂ ಹುಟ್ಟುವುದೆಂಬ ಈ ತತ್ತ್ವವನ್ನು ಬಾಯಲ್ಲಿ ಹೇಳಿದರೆ ಮರೆತುಹೋಗುವುದು. ವಿಗ್ರಹದ ಪಕ್ಕದಲ್ಲಿಯೇ ಕೆತ್ತದ ಬಳಪದ ಕಲ್ಲಿನ ತುಂಡೊಂದನ್ನೂ ಕಣಶಿಲೆಯ ತುಂಡೊಂದನ್ನೂ ಇರಿಸಿ, ಮುಟ್ಟಿ ನೋಡಿರೆಂದು ಬರೆದರೆ ಮಗುವಿಗೂ ಮರೆಯದು. ಖನಿಜಗಳೂ ವಿಗ್ರಹಗಳೂ ಒಂದೇ ಸಂಸ್ಥೆಯಲ್ಲಿ ಕೂಡಿಬಂದ ಕಡೆಯಲ್ಲಿ ಇದಕ್ಕೆ ಹಣವೂ ಬೇಡ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಡೆಯುವ ಮನಸ್ಸು ಸಾಕು.

ಚಿತ್ರಕಲೆಯಲ್ಲಿಯೂ ಇದೇ ಮಾತು. ಬೆಂಗಳೂರಿನ ಸಂಗ್ರಹಾಲಯದ ಆವರಣದಲ್ಲಿಯೇ ೧೯೭೫ರಲ್ಲಿ ವೆಂಕಟಪ್ಪ ಚಿತ್ರಶಾಲೆ ತೆರೆಯಿತು. ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ೧೯೬೫ರವರೆಗೆ ಬಾಳಿದ ಕೆ. ವೆಂಕಟಪ್ಪನವರ ಊಟಿ ಮತ್ತು ಕೊಡೈಕನಾಲಿನ ಜಲವರ್ಣ ಚಿತ್ರಗಳು ಕಲೆಯೆಂಬಂತೆ ಪ್ರಕೃತಿನಿರೀಕ್ಷಣೆಯೂ ಹೌದು. ಬೆಟ್ಟದ ಮೇಲೆ ಮಂಜು ಯಾವ ಹೊತ್ತಿನಲ್ಲಿ ಹೇಗೆ ಕವಿಯುವುದು, ಕೆರೆಯ ನೀರು ಮೋಡವನ್ನು ಹೇಗೆ ಹಿಡಿಯುವುದು ಎಂಬುದನ್ನು ಅವರು ತಪಸ್ಸಿನಂತೆ ಕಾದು ನೋಡಿ ಬರೆದರು. ಪಕ್ಷಿಯ ಗರಿಯನ್ನು ಎಣಿಸುವ ಶಾಸ್ತ್ರಜ್ಞನ ತಾಳ್ಮೆಗೂ ಮಂಜಿನ ಪದರನ್ನು ಎಣಿಸುವ ಚಿತ್ರಗಾರನ ತಾಳ್ಮೆಗೂ ಜಾತಿಭೇದವಿಲ್ಲ. ಈ ನೆಂಟಸ್ತನವನ್ನು ತೋರಿಸಿಕೊಡುವುದು ಸಂಗ್ರಹಾಲಯದ ಧರ್ಮ.

ವಸ್ತುವಿಗೆ ಉಸಿರು ಕೊಡುವುದು ಅದರ ಊರು ಎಂಬ ವಿಷಯದಲ್ಲಿ ಎರಡು ಶಾಸ್ತ್ರಗಳು ಒಂದೇ ತೀರ್ಪನ್ನು ಕೊಟ್ಟಿರುವುವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ. ಎಚ್. ಕೃಷ್ಣ ಅವರು ಅಗೆಸಿದರು. ೧೯೪೭ರಲ್ಲಿ ವ್ಹೀಲರನು ಅಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಅಗೆಸಿದನು. ಒಡೆದ ಮಡಕೆಯ ಚೂರೊಂದು ಯಾವ ಪದರದಲ್ಲಿ ದೊರೆಯಿತೆಂಬುದನ್ನು ಬರೆದಿಟ್ಟರೆ ಅದರಿಂದ ಕಾಲವು ನಿರ್ಣಯವಾಗುವುದು. ಬರೆಯದಿದ್ದರೆ ಅದು ಬರಿಯ ಬೋಕಿ. ೧೯೩೯-೪೦ರಲ್ಲಿ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಸರ್ವೇಕ್ಷಣೆ ಮಾಡಿದರು. ಸಂಗ್ರಹದ ಪಕ್ಷಿಯೊಂದರ ಕಾಲಿಗೆ ಕಟ್ಟುವ ಸಣ್ಣ ಚೀಟಿಯಲ್ಲಿ ಊರು, ದಿನ, ಗಂಡು ಹೆಣ್ಣೆಂಬ ಗುರುತು, ಸಂಗ್ರಹಿಸಿದವರ ಹೆಸರು ಇರಬೇಕೆಂಬುದು ಆ ಶಾಸ್ತ್ರದ ಕಟ್ಟಳೆ. ಆ ಚೀಟಿ ಕಳೆದುಹೋದರೆ ಪಕ್ಷಿಯು ಶಾಸ್ತ್ರಕ್ಕೆ ಸತ್ತಂತೆಯೇ. ಮಣ್ಣನ್ನು ಅಗೆಯುವವರೂ ಹಕ್ಕಿಯನ್ನು ಅರಸುವವರೂ ಒಪ್ಪಿದ ಈ ನಿಯಮವನ್ನು, ಸಂಗ್ರಹಾಲಯದ ಕಡತದಲ್ಲಿ ಮಾತ್ರವೇ ಇಟ್ಟು ನೋಟಕನಿಗೆ ಹೇಳದಿರುವುದು ಯಾವ ನ್ಯಾಯ? ನಂದಿ, ಕಲ್ಲು, ಹನ್ನೆರಡನೆಯ ಶತಮಾನ ಎಂಬ ಚೀಟಿ ಸುಳ್ಳಲ್ಲ; ಆದರೆ ಆ ನಂದಿಯನ್ನು ನೂರಾರು ವರ್ಷ ಪೂಜಿಸಿದ ಹಳ್ಳಿಯ ಹೆಸರನ್ನು ಬಿಟ್ಟುದರಿಂದ ಆ ಹಳ್ಳಿಯವನು ಬಂದು ನೋಡಿದರೂ ತನ್ನದೆಂದು ಅರಿಯನು.

ಭಾಷೆಯ ಕೊರತೆ ಇನ್ನೊಂದು. ಮೃಗಪಕ್ಷಿಗಳ ಲ್ಯಾಟಿನ್ ಹೆಸರು ಶಾಸ್ತ್ರಕ್ಕೆ ಬೇಕು; ಇಂಗ್ಲಿಷ್ ಹೆಸರು ಪರದೇಶದವರಿಗೆ ಬೇಕು. ಕನ್ನಡದ ಹೆಸರೆಂದರೆ ಹಲವು ವೇಳೆ ಇಂಗ್ಲಿಷಿನಿಂದ ಪದಕ್ಕೆ ಪದವನ್ನಿಟ್ಟು ಹೊಸೆದುದಾಗಿರುವುದು. ಕುರುಬರೂ ಬೇಡರೂ ಮೀನುಗಾರರೂ ತಲೆಮಾರುಗಳಿಂದ ಕರೆದುಬಂದ ಹೆಸರಿರುವಾಗ ಹೊಸ ಹೆಸರಿನ ಹಂಗೇಕೆ? ಕನ್ನಡದಲ್ಲಿ ಶಾಸ್ತ್ರ ಹೇಳಲು ಬಾರದೆಂಬ ನೆಪ ಇಂದು ಸಲ್ಲದು. ಶಿವರಾಮ ಕಾರಂತರು ವಿಜ್ಞಾನ ಪ್ರಪಂಚದ ಸಂಪುಟಗಳನ್ನು ಕನ್ನಡದಲ್ಲಿಯೇ ಬರೆದರು, ಬಿ. ಜಿ. ಎಲ್. ಸ್ವಾಮಿಯವರು ಸಸ್ಯಶಾಸ್ತ್ರವನ್ನು ಕಾಡಿನ ನಡಿಗೆಯ ಕಥೆಯಾಗಿ ಹೇಳಿದ ಹಸುರು ಹೊನ್ನು ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆಯಿತು. ಒಂದು ಗ್ರಂಥದಲ್ಲಿ ಸಾಧ್ಯವಾದುದು ಒಂದು ಚೀಟಿಯಲ್ಲಿ ಅಸಾಧ್ಯವೆ?

*

ಈ ಅಳತೆಗೋಲನ್ನು ಹಿಡಿದು ನಾಲ್ಕು ತಾಲ್ಲೂಕುಗಳ ಕಡೆಗೆ ತಿರುಗಿದರೆ, ಸಂಗ್ರಹಾಲಯಕ್ಕೆ ಯೋಗ್ಯವಾದ ಸಾಮಗ್ರಿಗೆ ಇಲ್ಲಿ ಬಡತನವಿಲ್ಲವೆಂಬುದು ಗೋಚರವಾಗುವುದು. ಚನ್ನಗಿರಿಯ ಸೀಮೆಯಲ್ಲಿ ಸೂಳೆಕೆರೆ, ಎಂದರೆ ಶಾಂತಿಸಾಗರ, ಉಂಟು. ಎರಡು ಗುಡ್ಡಗಳ ನಡುವಣ ಇಕ್ಕಟ್ಟಿಗೆ ಏರಿ ಹಾಕಿ ಹರಿದ್ರಾ ಹೊಳೆಯನ್ನು ತಡೆದ ಈ ಕೆರೆ ಇಂಜಿನಿಯರಿಗೆ ಒಂದು ಪಾಠ, ಪಕ್ಷಿಪ್ರಿಯನಿಗೆ ಇನ್ನೊಂದು, ಶಾಂತವ್ವೆಯ ಕಥೆಯನ್ನು ಹೇಳುವ ಅಜ್ಜಿಗೆ ಮೂರನೆಯದು. ಅದೇ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಕೆಂಗ ಹನುಮಪ್ಪನಾಯಕನ ಕಾಲದ, ಹದಿನಾರನೆಯ ಶತಮಾನದ ಪುಷ್ಕರಿಣಿ. ನೀರಿನ ನಡುವೆ ವಸಂತಮಂಟಪ, ದಡದಲ್ಲಿ ಮುಸಾಫಿರಖಾನೆ. ನ್ಯಾಮತಿಯ ಮಗ್ಗುಲಲ್ಲಿಯೇ ಸುರಹೊನ್ನೆಯೆಂಬ ಊರು. ಸಂಸ್ಕೃತ ಕವಿಗಳ ಪುನ್ನಾಗವೇ ಕನ್ನಡ ಕವಿಗಳ ಸುರಹೊನ್ನೆ. ಮರದ ಹೆಸರನ್ನು ಊರು ಕಾಪಾಡಿಕೊಂಡಿದೆ. ಆ ಊರಿನ ಎಷ್ಟು ಮಕ್ಕಳಿಗೆ ಆ ಮರದ ಹೂವು ಗೊತ್ತು? ಹೊನ್ನಾಳಿಯ ಸುತ್ತಣ ಬಂಡೆಗಳಲ್ಲಿ ಚಿನ್ನದ ಎಳೆಯುಂಟೆಂದು ಹಿಂದೆ ಕುದುರೆಕೊಂಡದ ಕಡೆಯಲ್ಲಿ ಗಣಿಯನ್ನು ತೋಡಿದ್ದರು. ಧಾರವಾಡ ಶಿಲಾಶ್ರೇಣಿಯೆಂದು ಭೂವಿಜ್ಞಾನಿಗಳು ಕರೆಯುವ ಬಹು ಪುರಾತನವಾದ ಶಿಲೆಗಳು ಈ ಸೀಮೆಯ ನೆಲದಡಿಯಲ್ಲಿರುವುವು.

ಜಗಳೂರಿನ ಒಣ ಕುರುಚಲು ಕಾಡಿನ ಸಂಪತ್ತು ಎಲ್ಲಕ್ಕಿಂತ ಅಪೂರ್ವ. ಅಲ್ಲಿನ ರಂಗಯ್ಯನದುರ್ಗದ ಅರಣ್ಯವನ್ನು ೨೦೧೧ರಲ್ಲಿ ಕೊಂಡುಕುರಿಯ ಅಭಯಾರಣ್ಯವೆಂದು ಸರ್ಕಾರವು ಸಾರಿತು. ಅಂತಹ ಪ್ರಾಣಿಗೆ ಒಂದು ಚೀಟಿಯನ್ನು ಬರೆಯಬೇಕಾದರೆ ಹೇಗಿರಬೇಕು? ನಾಲ್ಕು ಕೊಂಬಿನ ಜಿಂಕೆ ಎಂದು ಬರೆದರೆ ಎರಡು ತಪ್ಪು: ಇದು ದನ ಮೇಕೆಗಳ ಬಳಗಕ್ಕೆ ಸೇರಿದುದೇ ಹೊರತು ಜಿಂಕೆಯಲ್ಲ, ಊರ ಹೆಸರಿರುವಾಗ ಹೊಸ ಹೆಸರೂ ಬೇಡ. ಹೀಗೆ ಬರೆಯಬಹುದು: ಕೊಂಡುಕುರಿ. ಗಂಡಿಗೆ ನಾಲ್ಕು ಕೊಂಬು, ಮುಂದಿನ ಜೋಡಿ ಗಿಡ್ಡ, ಹೆಣ್ಣಿಗೆ ಕೊಂಬಿಲ್ಲ. ಕಾಡಿನಲ್ಲಿ ಬಾಳುವ ಮೃಗಗಳಲ್ಲಿ ಸಹಜವಾಗಿ ನಾಲ್ಕು ಕೊಂಬುಳ್ಳುದು ಇದೊಂದೇ. ಹಿಂಡುಗಟ್ಟದು, ಒಂಟಿಯಾಗಿರುವುದು, ನೀರಿನಿಂದ ದೂರ ಹೋಗದು, ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವ ರೂಢಿಯುಳ್ಳದು. ಭಾರತ ನೇಪಾಳಗಳಲ್ಲಿ ಹೊರತು ಲೋಕದಲ್ಲಿ ಬೇರೆಲ್ಲಿಯೂ ಇಲ್ಲ, ಜಗಳೂರಿನಲ್ಲಿ ಉಂಟು. ಈ ಕೊನೆಯ ಮಾತನ್ನು ಓದಿದ ಜಗಳೂರಿನ ಹುಡುಗನು ಎದೆಯೆತ್ತದೆ ಇರಲಾರನು. ಉರುಳು ಒಡ್ಡುವ ಕೈ ಒಂದು ಗಳಿಗೆ ತಡೆಯಲೂಬಹುದು.

ಇಲ್ಲಿ ಎರಡು ಆಕ್ಷೇಪಣೆಗಳು ಏಳಬಹುದು. ಜನರು ಸಂಗ್ರಹಾಲಯಕ್ಕೆ ಬರುವುದು ವಿನೋದಕ್ಕಾಗಿ. ಚೀಟಿಯನ್ನು ಓದುವವರಾರು ಎಂಬುದು ಮೊದಲನೆಯದು. ವಿನೋದವನ್ನು ಹೀಗಳೆಯಬೇಕಾದುದಿಲ್ಲ. ಹುಲಿಯ ಮುಂದೆ ಬೆರಗಾಗಿ ನಿಂತ ಮಗುವಿನ ಕಣ್ಣಿನಲ್ಲಿಯೇ ವಿದ್ಯೆಯ ಮೊದಲ ಬೀಜವುಂಟು. ಆದರೆ ಬೆರಗು ಬಾಗಿಲು ಮಾತ್ರ. ಒಳಗೆ ಕರೆದು ಕುಳ್ಳಿರಿಸುವವರಿಲ್ಲದಿದ್ದರೆ ಬಂದವನು ಹೊಸಿಲಿನಿಂದಲೇ ಹಿಂದಿರುಗುವನು. ಓದಲು ಯೋಗ್ಯವಾದುದನ್ನು ಬರೆಯದೆ ಓದುವವರಿಲ್ಲವೆನ್ನುವುದು, ಅಡಿಗೆ ಮಾಡದೆ ಉಣ್ಣುವವರಿಲ್ಲವೆಂದಂತೆ.

ವಸ್ತುಗಳನ್ನು ಊರಿನಿಂದ ಎತ್ತುವುದೇ ತಪ್ಪು. ಇದ್ದಲ್ಲಿಯೇ ಇರಲಿ ಎಂಬುದು ಎರಡನೆಯ ಆಕ್ಷೇಪಣೆ. ಇದರಲ್ಲಿ ಅರ್ಧ ಸತ್ಯವುಂಟು. ಪುಷ್ಕರಿಣಿಯನ್ನು ಎತ್ತಲಾಗದು; ಕೆರೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದು; ಕೊಂಡುಕುರಿಗೆ ಕಾಡೇ ತಕ್ಕ ಭವನ. ಇವುಗಳಿಗೆ ಬೇಕಾದುದು ಸ್ಥಳದಲ್ಲಿಯೇ ನಿಲ್ಲಿಸಿದ ಒಳ್ಳೆಯ ಬರಹದ ಫಲಕ. ಆದರೆ ಹೊಲದ ಬದುವಿನಲ್ಲಿ ಬಟ್ಟೆ ಒಗೆಯುವ ಬಂಡೆಯಾಗಿ ಸವೆಯುತ್ತಿರುವ ವೀರಗಲ್ಲಿಗೆ, ಸುಣ್ಣ ಬಣ್ಣಗಳ ಪದರದಡಿಯಲ್ಲಿ ಅಕ್ಷರ ಅಳಿಯುತ್ತಿರುವ ಶಾಸನಕ್ಕೆ, ಕಳ್ಳರ ಕಣ್ಣಿಗೆ ಬಿದ್ದ ವಿಗ್ರಹಕ್ಕೆ ಆಶ್ರಯವು ಬೇಕೇ ಬೇಕು. ಯಾವುದು ಇದ್ದಲ್ಲಿಯೇ ಉಳಿಯಬೇಕು, ಯಾವುದು ಆಶ್ರಯಕ್ಕೆ ಬರಬೇಕು ಎಂಬ ವಿವೇಕವೇ ಸಂಗ್ರಹಾಲಯದ ಮೊದಲ ಕೆಲಸ. ಬರುವುದಾದರೆ ಊರಿನ ಹೆಸರನ್ನೂ ಜೊತೆಯಲ್ಲಿಯೇ ತರಬೇಕು.

ಆದುದರಿಂದ ಈ ನಾಲ್ಕು ತಾಲ್ಲೂಕುಗಳಿಗೆ ಸಂಗ್ರಹಾಲಯವು ಬೇಕೆನ್ನುವವರು ಮೊದಲು ಕಟ್ಟಡವನ್ನು ಕೇಳದೆ ಒಂದು ಪಟ್ಟಿಯನ್ನು ಸಿದ್ಧಪಡಿಸುವುದು ಮೇಲು. ಪ್ರತಿಯೊಂದು ಪ್ರೌಢಶಾಲೆಯೂ ತನ್ನ ಸುತ್ತಣ ಹಳ್ಳಿಗಳ ವೀರಗಲ್ಲು, ಮಾಸ್ತಿಕಲ್ಲು, ಬಾವಿ, ಹಳೆಯ ಮರ, ಬರುವ ಹಕ್ಕಿ, ದೊರೆಯುವ ಕಲ್ಲುಗಳನ್ನು ಊರಿನ ಮಾತಿನ ಹೆಸರಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡಲಿ. ವೀರಗಲ್ಲಿನ ಪುಟದ ಎದುರಿನಲ್ಲಿಯೇ ಆ ಹೊಲದ ಹಕ್ಕಿಯ ಪುಟವೂ ಇರಲಿ; ಕಲೆಗೂ ಪ್ರಕೃತಿಗೂ ನಡುವೆ ದೊಡ್ಡ ಸಂಗ್ರಹಾಲಯಗಳು ಎಬ್ಬಿಸಿದ ಗೋಡೆಯನ್ನು ಶಾಲೆಯ ಪುಸ್ತಕವು ಎಬ್ಬಿಸಬೇಕಾದುದಿಲ್ಲ. ಕಟ್ಟಡವು ತಡವಾಗಿ ಬಂದರೂ ಬರಲಿ. ಪಟ್ಟಿ ತಡವಾದರೆ, ಪಟ್ಟಿಯಲ್ಲಿ ಬರೆಯಬೇಕಾದುದೇ ಉಳಿಯದು.

ಸತ್ತ ಕಾಲೇಜೆಂದು ಮದರಾಸಿನ ಜನರು ನಗುತ್ತಾ ಇಟ್ಟ ಹೆಸರಿಗೆ ಉತ್ತರವನ್ನು ಆತಕೂರಿನ ಕಲ್ಲು ಎಂದೋ ಕೊಟ್ಟಿದೆ. ಕಾಳಿ ಸತ್ತು ಸಾವಿರ ವರ್ಷಗಳ ಮೇಲಾಯಿತು. ಅದನ್ನು ಸಾಕಿದ ಗಂಗರ ರಾಜ್ಯವೂ ಇಲ್ಲ, ತಕ್ಕೋಲದಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಆದರೂ ಆ ನಾಯಿಯ ಹೆಸರು, ಅದು ಬಿದ್ದ ಸೀಮೆ, ಅದನ್ನು ಪ್ರೀತಿಸಿದವನ ಹೆಸರು ಇಂದಿಗೂ ಅಳಿಯದಿರುವುದು, ಆ ದಿನ ಯಾರೋ ಒಬ್ಬರು ಅದನ್ನು ಕನ್ನಡದಲ್ಲಿ, ವಿವರವಾಗಿ, ಊರಿನ ಹೆಸರು ಹಿಡಿದು ಬರೆಸಿದುದರಿಂದ. ಕಾವಲಿಗಿಂತಲೂ ಗಾಜಿಗಿಂತಲೂ ಆ ಬರಹವೇ ಆ ವಸ್ತುವನ್ನು ಕಾಪಾಡಿದೆ.